ಅರಿಶಿನ ತಗೊಳ್ಳಬಹುದಾ, ಡಾಕ್ಟ್ರೇ?

ಮೊದಲ ಸಲ ರಕ್ತ ಕಂಡದ್ದು ಶಾಲೆಯ ಶೌಚಾಲಯದಲ್ಲಿ. ನಾನು ಮುಂಬೈಯ ಕುರ್ಲಾದ ಒಂದು ಕನ್ನಡ ಮಾಧ್ಯಮ ಪ್ರಾಥಮಿಕ ಶಾಲೆಯಲ್ಲಿ ಟೀಚರ್. ಮೂರನೇ ತರಗತಿಯ ಮಕ್ಕಳಿಗೆ ಕಾಗುಣಿತ ಬರೆಯಲು ಹೇಳಿ, ಹೊಟ್ಟೆ ಹಿಂಡಿದಂತಾಗಿ ಮೇಲಿನ ಮಾಳಿಗೆಯಿಂದ ಓಡುತ್ತಾ ಕೆಳಗಿಳಿದಿದ್ದೆ. ಕಂಡದ್ದನ್ನು ನೋಡಿ ಹೆದರಿದೆ. ನೀರು ಹಾಕಿ, ಕೈತೊಳೆದು, ಮೇಲೆ ಬಂದು ಮಕ್ಕಳ ಪಾಟಿ ತಿದ್ದಿದೆ. ಮೂಲವ್ಯಾಧಿ ಇರಬೇಕು ಅಂದುಕೊಂಡೆ. ಹಾಗೆ ಅಂದುಕೊಳ್ಳುವುದು ಸುಲಭವಾಗಿತ್ತು. ನಮ್ಮ ಮನೆಗಳಲ್ಲಿ ಹೆಂಗಸರು ಇಂಥದ್ದನ್ನು ಗಂಡನಿಗೂ ಬಾಯಿಬಿಟ್ಟು ಹೇಳುವುದಿಲ್ಲ. ನಾನೂ ಹೇಳಲಿಲ್ಲ.

ಈ ಕಾಯಿಲೆಯ ಬಗ್ಗೆ ಬರೆಯಲು ಕೂತಾಗ ಎದುರಾಗುವ ಮೊದಲ ತೊಡಕೇ ಇದು. ಎದೆನೋವಿಗೆ ಒಂದು ಮರ್ಯಾದೆ ಉಂಟು, ಸಕ್ಕರೆ ಕಾಯಿಲೆಗೂ ಉಂಟು. ಮತ್ತೆ ಮತ್ತೆ ಕಕ್ಕಸಿಗೆ ಓಡುವ ಕಾಯಿಲೆಗೆ ಇಲ್ಲ. ಆದರೂ ಬರೆಯುತ್ತಿದ್ದೇನೆ. ಲೋಕಲ್‌ನ ಲೇಡೀಸ್ ಡಬ್ಬಿಯಲ್ಲಿ ಬಾಗಿಲ ಹತ್ತಿರದ ಕಂಬ ಹಿಡಿದು, ತಣ್ಣನೆ ಬೆವರುತ್ತಾ, ಮುಂದಿನ ಸ್ಟೇಷನ್ ಬರಲಿ ಎಂದು ಹಲ್ಲು ಕಚ್ಚಿ ನಿಂತವಳು ಈ ಊರಿನಲ್ಲಿ ನಾನೊಬ್ಬಳೇ ಇರಲಾರೆ.

ನಮ್ಮ ಮನೆ ದಹಿಸರ್‌ನಲ್ಲಿ. ಅಲ್ಲಿಂದ ದಾದರ್, ದಾದರ್‌ನಲ್ಲಿ ಸೇತುವೆ ಹತ್ತಿ ಇಳಿದು ಸೆಂಟ್ರಲ್ ಲೈನಿನಲ್ಲಿ ಕುರ್ಲಾ. ಬಹಳ ವರ್ಷ ಈ ದಾರಿಯಲ್ಲಿ ಸೀಟು ಸಿಗುತ್ತದೋ ಇಲ್ಲವೋ ಎಂಬುದೊಂದೇ ನನ್ನ ಚಿಂತೆಯಾಗಿತ್ತು. ಕಾಯಿಲೆ ಶುರುವಾದ ಮೇಲೆ ದಾರಿಯ ನಕ್ಷೆಯೇ ಬದಲಾಯಿತು. ಯಾವ ಸ್ಟೇಷನ್ನಿನಲ್ಲಿ ಹೆಂಗಸರ ಶೌಚಾಲಯ ಯಾವ ತುದಿಗಿದೆ, ಯಾವುದಕ್ಕೆ ಸದಾ ಬೀಗ, ಎಲ್ಲಿ ನೀರು ಬರುವುದಿಲ್ಲ, ಎಲ್ಲವೂ ಬಾಯಿಪಾಠವಾಯಿತು. ಫಾಸ್ಟ್ ಟ್ರೇನು ಬಿಟ್ಟೆ. ಎರಡು ಸ್ಟೇಷನ್ನಿನ ನಡುವೆ ಅಷ್ಟು ಹೊತ್ತು ತಡೆಯುವ ಧೈರ್ಯ ಇರಲಿಲ್ಲ. ಹೊಟ್ಟೆ ಖಾಲಿಯಿದ್ದರೆ ತೊಂದರೆ ಕಡಿಮೆ ಎಂದು ಬೆಳಿಗ್ಗೆ ಚಹಾ ಕುಡಿಯುವುದನ್ನೂ ನಿಲ್ಲಿಸಿದೆ. ಮೈ ಇಳಿಯುತ್ತಾ ಬಂತು. ಬ್ಲೌಸುಗಳು ಸಡಿಲವಾದವು. ಸ್ಟಾಫ್ ರೂಮಿನಲ್ಲಿ ಒಬ್ಬರು ಯಾವ ಡಯಟ್ ಮಾಡುತ್ತಿದ್ದೀರಿ ಎಂದು ಕೇಳಿದರು.

ಬಿಲ್ಡಿಂಗಿನ ಕೆಳಗಿನ ಡಾಕ್ಟರು ಮೂಲವ್ಯಾಧಿಗೆ ಮುಲಾಮು ಕೊಟ್ಟರು. ಅದು ಮುಗಿದ ಮೇಲೆ ಇನ್‌ಫೆಕ್ಷನ್ ಇರಬಹುದೆಂದು ಮಾತ್ರೆ ಕೊಟ್ಟರು. ಅದೂ ಮುಗಿಯಿತು. ಒಂದು ದಿನ ಅಂಧೇರಿ ದಾಟಿದ ಮೇಲೆ ಕಣ್ಣು ಕತ್ತಲಿಟ್ಟು ಡಬ್ಬಿಯಲ್ಲೇ ಕುಸಿದು ಕುಳಿತೆ. ಪಕ್ಕದ ಹೆಂಗಸರು ಬಾಂದ್ರಾದಲ್ಲಿ ಇಳಿಸಿ, ಬೆಂಚಿನ ಮೇಲೆ ಕೂರಿಸಿ, ನನ್ನ ಫೋನಿನಿಂದಲೇ ಗಂಡನಿಗೆ ಕರೆ ಮಾಡಿದರು. ಗಂಡ ಗಣೇಶ ಬೋರಿವಲಿಯ ಒಂದು ಹೋಟೆಲಿನಲ್ಲಿ ಮ್ಯಾನೇಜರು. ಗಲ್ಲಾ ಬಿಟ್ಟು ಓಡಿ ಬಂದರು. ಆ ಬೆಂಚಿನ ಮೇಲೆ, ಟ್ರೇನುಗಳ ಸದ್ದಿನ ನಡುವೆ, ಅವರಿಗೆ ಎಲ್ಲ ಹೇಳಿದೆ. ಅವರು ಬೈಯಲಿಲ್ಲ. ಇಷ್ಟು ದಿನ ಹೇಗೆ ತಡೆದುಕೊಂಡೆ ಎಂದಷ್ಟೇ ಕೇಳಿ ನನ್ನ ಚೀಲವನ್ನು ತಮ್ಮ ಹೆಗಲಿಗೆ ಹಾಕಿಕೊಂಡರು.

ಪರೇಲ್‌ನ ಆಸ್ಪತ್ರೆಗೆ ಹೋದದ್ದು ಹಾಗೆ. ಕೊಲೊನೊಸ್ಕೋಪಿ ಮಾಡಬೇಕೆಂದರು, ಅಂದರೆ ಕೆಳಗಿನಿಂದ ಕ್ಯಾಮೆರಾ ಹಾಕಿ ಕರುಳು ನೋಡುವುದು. ಅದಕ್ಕೆ ಮೊದಲು ಹೊಟ್ಟೆ ಪೂರ್ತಿ ಖಾಲಿಯಾಗಬೇಕು, ಉಪ್ಪುಪ್ಪಾದ ಔಷಧಿಯ ನೀರನ್ನು ಬಾಟಲಿಗಟ್ಟಲೆ ಕುಡಿಯಬೇಕು. ಕುಡಿದು ಬಂದವರೆಲ್ಲ ಒಂದೇ ವೇಟಿಂಗ್ ರೂಮಿನಲ್ಲಿ ಕೂತಿದ್ದೆವು. ಶೌಚಾಲಯ ಮಾತ್ರ ಒಂದೇ. ಯಾರೂ ಯಾರ ಮುಖವನ್ನೂ ನೋಡುತ್ತಿರಲಿಲ್ಲ, ಎಲ್ಲರ ಕಣ್ಣೂ ಆ ಬಾಗಿಲ ಮೇಲೆ. ನನ್ನ ಪಕ್ಕದಲ್ಲಿದ್ದ ವಯಸ್ಸಾದ ಗುಜರಾತಿ ಹೆಂಗಸು ಎದ್ದು ಹೊರಟವರು ನನ್ನ ಮುಖ ನೋಡಿ ಮತ್ತೆ ಕೂತು, ಮೊದಲು ನೀನು ಹೋಗು ಎಂದು ಕೈಸನ್ನೆ ಮಾಡಿದರು. ಅವರ ಹೆಸರು ಗೊತ್ತಿಲ್ಲ. ಆ ತಿಂಗಳುಗಳಲ್ಲಿ ನನಗೆ ಸಿಕ್ಕ ಉಪಕಾರಗಳಲ್ಲಿ ಅದಕ್ಕಿಂತ ದೊಡ್ಡದು ಇನ್ನೊಂದಿಲ್ಲ.

ಅಲ್ಸರೇಟಿವ್ ಕೊಲೈಟಿಸ್ ಎಂದರು ದೊಡ್ಡ ಡಾಕ್ಟರು. ಐವತ್ತು ದಾಟಿದ ಮರಾಠಿ ಮನುಷ್ಯ, ಮಾತು ಕಡಿಮೆ. ದೊಡ್ಡ ಕರುಳಿನ ಒಳಗೆ ಉರಿಯೂತ, ಹುಣ್ಣು. ಯಾಕೆ ಬಂತು ಎಂದು ಗಣೇಶ ಕೇಳಿದರು. ಹೇಳಲಾಗುವುದಿಲ್ಲ ಎಂದರು. ಯಾವಾಗ ವಾಸಿಯಾಗುತ್ತದೆ ಎಂದು ನಾನು ಕೇಳಿದೆ. ಹತೋಟಿಯಲ್ಲಿಡಬಹುದು, ಪೂರ್ತಿ ಹೋಗುವುದಿಲ್ಲ ಎಂದರು. ಅಷ್ಟರಲ್ಲಿ ಮುಂದಿನ ಪೇಷಂಟ್ ಬಾಗಿಲು ತಳ್ಳಿದರು. ನಮ್ಮ ಪ್ರಶ್ನೆಗಳೆಲ್ಲ ಲಿಫ್ಟಿನ ಹತ್ತಿರ ಬಂದ ಮೇಲೆ ಹುಟ್ಟಿಕೊಂಡವು.

ಸ್ಟಿರಾಯ್ಡ್ ಶುರುವಾಯಿತು. ಎರಡು ವಾರದಲ್ಲಿ ರಕ್ತ ನಿಂತಿತು, ಮೂರನೇ ವಾರ ಮುಖ ಊದಿತು. ಕಾರಣವಿಲ್ಲದೆ ಸಿಟ್ಟು ಬರುತ್ತಿತ್ತು. ಕಾಲೇಜಿಗೆ ಹೋಗುವ ಮಗಳು ಅನ್ವಿತಾ ಟವೆಲು ಹಾಸಿಗೆಯ ಮೇಲೆ ಬಿಟ್ಟದ್ದಕ್ಕೆ ನಾನು ಕಿರುಚಿ ಆಮೇಲೆ ಅತ್ತಿದ್ದೇನೆ. ನಮ್ಮೂರ ಕಡೆಯವರ ಸಂಘದ ಕಾರ್ಯಕ್ರಮಕ್ಕೆ ಹೋದರೆ, ಈಗ ಮೈಕೈ ತುಂಬಿಕೊಂಡು ಚೆನ್ನಾಗಿ ಕಾಣುತ್ತೀ ಎಂದು ಎಲ್ಲರೂ ಹೊಗಳಿದರು. ಸ್ಟಿರಾಯ್ಡ್ ಇಳಿಸುತ್ತಾ ಬಂದ ಹಾಗೆ ಮುಖ ತೆಳುವಾಯಿತು, ರಕ್ತ ಮತ್ತೆ ಬಂತು. ಡಾಕ್ಟರು ಇನ್ನೊಂದು ಮಾತ್ರೆ ಸೇರಿಸಿದರು. ಅದು ಕೆಲಸ ಶುರುಮಾಡಲು ಎರಡು ಮೂರು ತಿಂಗಳು ಬೇಕು, ಅಲ್ಲಿಯವರೆಗೆ ಆಗಾಗ ರಕ್ತ ಪರೀಕ್ಷೆ ಮಾಡಿಸುತ್ತಿರಬೇಕು ಎಂದರು. ಕಾಯಬೇಕು. ಈ ಕಾಯಿಲೆಯ ಅರ್ಧಪಾಲು ಕಾಯುವುದೇ.

ಕಾಯುವವರಿಗೆ ಸಲಹೆ ಕೊಡಲು ಊರೇ ಸಿದ್ಧವಾಗಿರುತ್ತದೆ.

ನಮ್ಮದು ಉಡುಪಿ ಕಡೆಯ ಕುಟುಂಬ. ಮನೆಯಲ್ಲಿ ತುಳು ಆಡುತ್ತೇವೆ, ಇಲ್ಲಿ ಅದನ್ನೆಲ್ಲ ಕನ್ನಡದಲ್ಲೇ ಬರೆದಿದ್ದೇನೆ. ಅತ್ತೆ ಮದುವೆಯಾಗಿ ಮುಂಬೈಗೆ ಬಂದವರು, ಮಾವ ತೀರಿಕೊಂಡ ಮೇಲೆ ನಮ್ಮ ಜೊತೆಯಲ್ಲೇ ಇದ್ದಾರೆ. ನನ್ನ ಕಾಯಿಲೆಯ ವಿಷಯ ತಿಳಿದ ಮರುದಿನವೇ ಊರಿಗೆ ಫೋನು ಮಾಡಿ, ಭೇದಿಗೆ ಕೊಡುವ ಕೊಡಸಿಗದ ತೊಗಟೆ ತರಿಸಿದರು. ದಾಳಿಂಬೆ ಸಿಪ್ಪೆಯ ತಂಬುಳಿ ಮಾಡಿದರು, ಒಂದೆಲಗದ ಚಟ್ನಿ ಅರೆದರು. ಬೆಳಿಗ್ಗೆ ಖಾಲಿ ಹೊಟ್ಟೆಗೆ ಬಿಸಿನೀರಿನಲ್ಲಿ ಅರಿಶಿನ, ಸಂಜೆ ಹಾಲಿಗೆ ಅರಿಶಿನ. ಹಾಲು ನನಗೆ ಆಗುತ್ತಿರಲಿಲ್ಲ, ಕುಡಿದ ಕೂಡಲೇ ಓಡಬೇಕಾಗುತ್ತಿತ್ತು. ಅದು ಕೆಟ್ಟದ್ದೆಲ್ಲ ಹೊರಗೆ ಹೋಗುವ ಲಕ್ಷಣ ಎಂದು ಅತ್ತೆ ಸಮಾಧಾನ ಹೇಳಿದರು.

ಅವರು ಮಾಡಿದ್ದೆಲ್ಲ ಪ್ರೀತಿಯಿಂದ. ಅದು ಗೊತ್ತಿದ್ದುದರಿಂದಲೇ ನನಗೆ ಹೆಚ್ಚು ಕಷ್ಟವಾಗುತ್ತಿತ್ತು. ಕುಡಿಯುವುದಿಲ್ಲ ಎಂದರೆ ಅವರು ಮಾತಾಡದೆ ಲೋಟ ಎತ್ತಿಕೊಂಡು ಹೋಗಿ ಮೋರಿಗೆ ಚೆಲ್ಲುತ್ತಿದ್ದರು. ಆ ಸದ್ದು ಕೇಳುವುದಕ್ಕಿಂತ ಕುಡಿಯುವುದೇ ವಾಸಿ ಅನ್ನಿಸುತ್ತಿತ್ತು.

ಉಳಿದವರು ಫೋನಿನಲ್ಲಿ. ಥಾಣೆಯ ಚಿಕ್ಕಮ್ಮ, ಡೊಂಬಿವಲಿಯ ಸೋದರತ್ತೆ, ಸಂಘದ ಹೆಂಗಸರು. ಒಬ್ಬರ ಮದ್ದು ಶುಂಠಿ, ಒಬ್ಬರದು ಲೋಳೆಸರ, ಇನ್ನೊಬ್ಬರದು ಯಾವುದೋ ಮರದ ಅಂಟು. ಎಲ್ಲರಿಗೂ ಒಬ್ಬೊಬ್ಬ ಪರಿಚಯದವರಿದ್ದರು, ಆ ಪರಿಚಯದವರಿಗೆಲ್ಲ ಪೂರ್ತಿ ಗುಣವಾಗಿತ್ತು. ನಂಬರ್ ಕೊಡಿ, ಮಾತಾಡುತ್ತೇನೆ ಎಂದರೆ ನಂಬರ್ ಯಾರ ಹತ್ತಿರವೂ ಇರಲಿಲ್ಲ. ಮಾತ್ರೆ ಬಿಡು ಎಂದು ಯಾರೂ ನೇರವಾಗಿ ಹೇಳುತ್ತಿರಲಿಲ್ಲ. ಇಂಗ್ಲಿಷ್ ಔಷಧಿ ಉಷ್ಣ, ಆದಷ್ಟು ಬೇಗ ಅದರಿಂದ ಹೊರಗೆ ಬಾ ಎನ್ನುತ್ತಿದ್ದರು. ಅದೇನು ಗುಂಡಿಯೇ, ಹೊರಗೆ ಬರಲು?

ಆದರೆ ನಿಜ ಹೇಳಬೇಕು. ನಾನು ಅವರನ್ನು ಗೇಲಿ ಮಾಡುವ ಸ್ಥಿತಿಯಲ್ಲಿರಲಿಲ್ಲ. ಅನ್ವಿತಾಳಿಂದ ಹುಡುಕಿಸಿ ನೋಡಿದೆ. ಅರಿಶಿನದಲ್ಲಿರುವ ಕರ್ಕ್ಯುಮಿನ್ ಎಂಬ ಅಂಶಕ್ಕೆ ಉರಿಯೂತ ತಗ್ಗಿಸುವ ಗುಣ ಇದೆಯೆಂದೂ ಇದೇ ಕಾಯಿಲೆಯವರ ಮೇಲೆ ವಿಜ್ಞಾನಿಗಳೇ ಅದನ್ನು ಪರೀಕ್ಷಿಸಿದ್ದಾರೆಂದೂ ಅವಳು ಓದಿ ಹೇಳಿದಳು.

"ಅಮ್ಮಾ, ಇದ್ರಲ್ಲಿ ಪ್ರಾಮಿಸಿಂಗ್ ಅಂತ ಇದೆ. ಲೇಕಿನ್ ಹರ್ ಜಗಹ್ ಲಾಸ್ಟಲ್ಲಿ ಮೋರ್ ರಿಸರ್ಚ್ ನೀಡೆಡ್ ಅಂತಾನೇ ಇದೆ," ಎಂದಳು.

ಭರವಸೆ ಇದೆ, ಆದರೆ ಎಲ್ಲ ಕಡೆಯೂ ಕೊನೆಗೆ ಇನ್ನೂ ಸಂಶೋಧನೆ ಬೇಕು. ಅಂದರೆ ಅತ್ತೆಯ ಮಾತು ಪೂರ್ತಿ ಸುಳ್ಳಲ್ಲ. ಪೂರ್ತಿ ನಿಜವೂ ಅಲ್ಲ. ನನ್ನ ಕರುಳು ಮಾತ್ರ ಈಗ, ಇವತ್ತು, ಉರಿಯುತ್ತಿತ್ತು.

ಗಣೇಶರ ಅಣ್ಣ ಸುಧಾಕರ ಭಾವ ಒಂದು ಭಾನುವಾರ ಊಟಕ್ಕೆ ಬಂದಾಗ ಒಂದು ಬಾಟಲಿ ತಂದರು. ಅರಿಶಿನದ ಸತ್ವದ ಕ್ಯಾಪ್ಸೂಲು, ಜೊತೆಗೆ ಕರಿಮೆಣಸಿನ ಸತ್ವ. ಮನೆಯ ಅರಿಶಿನ ಮೈಗೆ ಹತ್ತುವುದಿಲ್ಲ, ಹೊಟ್ಟೆಯಿಂದ ಹಾಗೇ ಹೊರಟುಹೋಗುತ್ತದೆ, ಮೆಣಸು ಸೇರಿದರೆ ರಕ್ತಕ್ಕೆ ಇಳಿಯುತ್ತದೆ ಎಂದು ವಿವರಿಸಿದರು. ಅವರ ಮಂಡಿನೋವು ಇದರಿಂದಲೇ ಕಡಿಮೆಯಾಗಿತ್ತಂತೆ. ಅತ್ತೆ ಬಾಟಲಿಯನ್ನು ತಿರುಗಿಸಿ ಅದರ ಮೇಲಿದ್ದ ಅರಿಶಿನ ಕೊಂಬಿನ ಚಿತ್ರ ನೋಡಿ, ನಾನು ಹೇಳಿದ್ದನ್ನೇ ಈಗ ಕಂಪನಿಯವರೂ ಹೇಳುತ್ತಿದ್ದಾರೆ ಎಂದರು.

ನಾನು ಡಾಕ್ಟರನ್ನು ಕೇಳದೆ ಮುಟ್ಟುವುದಿಲ್ಲ ಎಂದೆ. ಮುಂದಿನ ಸಲ ಪರೇಲ್‌ಗೆ ಹೋದಾಗ ಬಾಟಲಿ ಜೊತೆಗೇ ಒಯ್ದೆ. ಬೆಳಿಗ್ಗೆಯಿಂದ ಕೂತು ನಮ್ಮ ಸರದಿ ಬರುವಷ್ಟರಲ್ಲಿ ಊಟದ ಹೊತ್ತು ದಾಟಿತ್ತು. ದೊಡ್ಡ ಡಾಕ್ಟರು ಆಪರೇಷನ್ ಕೋಣೆಗೆ ಹೋಗಿದ್ದರು, ಅವರ ಜಾಗದಲ್ಲಿ ಅವರ ಕೈಕೆಳಗಿನ ಎಳೆಯ ಡಾಕ್ಟರು ಕೂತಿದ್ದರು. ಅವರೂ ಊಟ ಮಾಡಿರಲಿಲ್ಲ ಎಂಬುದು ಮುಖದಲ್ಲೇ ಕಾಣುತ್ತಿತ್ತು. ರಿಪೋರ್ಟು ನೋಡಿದರು, ಲಿವರ್ ಸರಿಯಿದೆ, ಮಾತ್ರೆ ಮುಂದುವರಿಸಿ ಎಂದರು. ನಾನು ಬಾಟಲಿ ಮೇಜಿನ ಮೇಲಿಟ್ಟು ಹಿಂದಿಯಲ್ಲಿ ಕೇಳಿದೆ.

"ಇದನ್ನು ತಗೊಳ್ಳಬಹುದಾ, ಡಾಕ್ಟ್ರೇ?"

ಅವರು ಬಾಟಲಿಯನ್ನು ಕೈಗೆತ್ತಿಕೊಳ್ಳಲಿಲ್ಲ. ಇದ್ದಲ್ಲಿಂದಲೇ ನೋಡಿದರು.

"ಅರಿಶಿನ ತಾನೇ? ನ್ಯಾಚುರಲ್. ತಗೊಂಡರೆ ತೊಂದರೆಯೇನಿಲ್ಲ. ನಮ್ಮ ಮಾತ್ರೆ ಮಾತ್ರ ಬಿಡಬೇಡಿ."

ಇಷ್ಟೇ. ಬೆಳಿಗ್ಗೆಯಿಂದ ಕಾದದ್ದಕ್ಕೆ ಸಿಕ್ಕ ಉತ್ತರ ಇಷ್ಟೇ.

ಅವತ್ತಿನಿಂದ ತಗೊಳ್ಳಲು ಶುರುಮಾಡಿದೆ. ಕೆಲವು ವಾರಗಳಲ್ಲಿ ನಾನು ಸುಧಾರಿಸಿದೆ. ಇದನ್ನು ಮುಚ್ಚಿಡಲಾರೆ. ರಕ್ತ ಪೂರ್ತಿ ನಿಂತಿತು. ಚಹಾ ಕುಡಿದು ಮನೆಯಿಂದ ಹೊರಟೆ. ಒಂದು ಬೆಳಿಗ್ಗೆ ಯೋಚನೆಯಿಲ್ಲದೆ ಫಾಸ್ಟ್ ಟ್ರೇನು ಹತ್ತಿಬಿಟ್ಟಿದ್ದೆ, ಅಂಧೇರಿ ದಾಟಿದ ಮೇಲೆಯೇ ಗೊತ್ತಾದದ್ದು. ಕಿಟಕಿಯ ಹತ್ತಿರ ಕೂತು ನಗು ಬಂತು. ಅತ್ತೆ ಫೋನು ಮಾಡಿದವರಿಗೆಲ್ಲ ಅರಿಶಿನದ ಗುಣಗಾನ ಮಾಡಿದರು. ನಾನು ತಡೆಯಲಿಲ್ಲ, ಒಳಗೊಳಗೆ ನಾನೂ ನಂಬಿದ್ದೆ. ನಮ್ಮದೇ ಅಡುಗೆಮನೆಯ ಒಂದು ವಸ್ತುವಿನಿಂದ ಗುಣವಾಗುತ್ತದೆ ಎಂದರೆ ಆಸ್ಪತ್ರೆಯ ಮೇಲಿನ ನನ್ನ ಸಿಟ್ಟಿಗೂ ಒಂದು ಸಮಾಧಾನ ಸಿಗುತ್ತಿತ್ತು.

ಆಮೇಲೆ ಸುಸ್ತು ಶುರುವಾಯಿತು. ಊಟ ಸೇರದಾಯಿತು, ಕುಚ್ಚಲಕ್ಕಿ ಗಂಜಿಯೂ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಮೈಯೆಲ್ಲ ತುರಿಕೆ. ಮೂತ್ರ ಗಾಢ ಹಳದಿಯಾದಾಗ, ಅರಿಶಿನ ತಿನ್ನುವವಳಿಗೆ ಹಳದಿಯಾಗದೆ ಇನ್ನೇನಾಗುತ್ತದೆ ಅಂದುಕೊಂಡೆ. ಅತ್ತೆಯೂ ಹಾಗೇ ಅಂದರು.

ಶಾಲೆಯಲ್ಲಿ ನನಗೆ ಹತ್ತಿರದವರು ಮೆಹರುನ್ನಿಸಾ ಟೀಚರ್. ವಿಜಯಪುರ ಕಡೆಯ ಕುಟುಂಬ, ಹುಟ್ಟಿ ಬೆಳೆದದ್ದು ಕುರ್ಲಾದಲ್ಲೇ. ನಾನು ಕ್ಲಾಸಿನಿಂದ ಓಡಿಹೋದಾಗಲೆಲ್ಲ, ಕೆಳಗಿನ ತಮ್ಮ ಒಂದನೇ ತರಗತಿಯಿಂದ ಮೇಲೆ ಬಂದು ನನ್ನ ತರಗತಿಯ ಮಕ್ಕಳನ್ನು ನೋಡಿಕೊಂಡವರು ಅವರು. ಕಾರಣ ಏನೆಂದು ಒಂದು ದಿನವೂ ಕೇಳಿದವರಲ್ಲ. ಸ್ಟಾಫ್ ರೂಮಿನಲ್ಲಿ ಡಬ್ಬಿ ಬಿಚ್ಚಿ ಕೂತಿದ್ದಾಗ ನನ್ನನ್ನೇ ನೋಡುತ್ತಿದ್ದವರು ಎದ್ದು ಕಿಟಕಿಯ ಹತ್ತಿರ ನಿಂತರು.

"ಶಶಿ ಟೀಚರ್, ಸ್ವಲ್ಪ ಈ ಕಡೆ ಬೆಳಕಿಗೆ ಬರ್ರಿ."

ಹೋದೆ. ನನ್ನ ಗಲ್ಲ ಹಿಡಿದು ಮುಖವನ್ನು ಬೆಳಕಿಗೆ ತಿರುಗಿಸಿದರು.

"ನಿಮ್ಮ ಕಣ್ಣು ಹಳದಿ ಆಗ್ಯಾವಲ್ರಿ. ಇದು ಛಲೋ ಅಲ್ಲ. ಈಗಿಂದೀಗ ದವಾಖಾನಿಗೆ ಹೋಗೋಣು ನಡೀರಿ. ನಾ ಬರ್ತೀನಿ."

ಬಂದರು ಕೂಡ. ಹೆಡ್‌ಮಾಸ್ತರರಿಗೆ ತಾವೇ ಹೇಳಿ, ಟ್ಯಾಕ್ಸಿ ಹಿಡಿದು, ಪರೇಲ್ ತನಕ ನನ್ನ ಕೈ ಬಿಡಲಿಲ್ಲ. ಗಣೇಶ ಬಂದ ಮೇಲೆಯೇ ಮನೆಗೆ ಹೋದದ್ದು.

ಲಿವರಿಗೆ ಪೆಟ್ಟು ಬಿದ್ದಿದೆ ಎಂದು ಅಡ್ಮಿಟ್ ಮಾಡಿಕೊಂಡರು. ಈ ಸಲ ದೊಡ್ಡ ಡಾಕ್ಟರೇ ಹಾಸಿಗೆಯ ಹತ್ತಿರ ಬಂದರು. ಏನೇನು ತಗೊಳ್ಳುತ್ತೀರಿ ಎಂದು ಕೇಳಿದರು, ಹೇಳಿದೆ. ಗಣೇಶ ಬಾಟಲಿ ತೋರಿಸಿದರು. ಡಾಕ್ಟರು ಕನ್ನಡಕ ಹಣೆಗೇರಿಸಿ ಬಾಟಲಿಯ ಹಿಂದಿನ ಸಣ್ಣ ಅಕ್ಷರಗಳನ್ನು ಓದಿದರು.

"ಇದನ್ನು ಯಾರು ತಗೊಳ್ಳಲು ಹೇಳಿದರು?"

"ನಿಮ್ಮ ಕೋಣೆಯಲ್ಲೇ ಕೇಳಿದ್ದೆ. ನಿಮ್ಮ ಕುರ್ಚಿಯಲ್ಲಿ ಕೂತಿದ್ದವರು ತೊಂದರೆಯಿಲ್ಲ ಅಂದರು."

ಅವರು ಬಾಟಲಿಯನ್ನು ಗಣೇಶರ ಕೈಗೆ ವಾಪಸು ಕೊಟ್ಟರು. ಆಮೇಲೆ, ನೀವು ಕೇಳಿದ್ದು ಸರಿ, ನಾವು ಕೊಟ್ಟ ಉತ್ತರ ಸರಿಯಿರಲಿಲ್ಲ ಎಂದರು. ಆ ಮಾತು ಬರದೇ ಹೋಗಿದ್ದರೆ ನಾನು ಆ ಆಸ್ಪತ್ರೆಗೆ ಮತ್ತೆ ಕಾಲಿಡುತ್ತಿರಲಿಲ್ಲ.

ಅಷ್ಟಕ್ಕೇ ನನ್ನ ಸಿಟ್ಟು ಇಳಿಯಲಿಲ್ಲ. ಲಿವರ್ ಕೆಟ್ಟದ್ದು ಆ ಕ್ಯಾಪ್ಸೂಲಿನಿಂದಲೋ ಎಂದು ಕೇಳಿದರೆ, ಇರಬಹುದು ಎಂದರು. ಅವರು ಕೊಟ್ಟ ಮಾತ್ರೆಯಿಂದಲೂ ಹೀಗಾಗುವುದುಂಟು, ಎರಡೂ ಸೇರಿಯೂ ಆಗಿರಬಹುದು. ಹಾಗಾಗಿ ಎರಡನ್ನೂ ನಿಲ್ಲಿಸಬೇಕು. ಸರಿ, ಮತ್ತೆ ನಾನು ಸುಧಾರಿಸಿದ್ದು ಯಾವುದರಿಂದ? ಅದೂ ಹೇಳಲಾಗುವುದಿಲ್ಲ. ಅವರ ಮಾತ್ರೆ ಕೆಲಸ ಶುರುಮಾಡುವ ಹೊತ್ತಿಗೇ ನಾನು ಅರಿಶಿನ ಶುರುಮಾಡಿದ್ದೆ. ಹಾಗಾದರೆ ಲಿವರ್ ಸರಿಯಾದ ಮೇಲೆ ಒಂದನ್ನೇ ಕೊಟ್ಟು ನೋಡಿ, ಗೊತ್ತಾಗುತ್ತದಲ್ಲ ಎಂದೆ. ಅವರು ತಲೆ ಅಲ್ಲಾಡಿಸಿದರು. ಒಮ್ಮೆ ಪೆಟ್ಟು ಬಿದ್ದ ಲಿವರಿಗೆ ಮತ್ತೆ ಅದನ್ನೇ ಕೊಟ್ಟರೆ ಎರಡನೇ ಸಲ ಅದು ಚೇತರಿಸಿಕೊಳ್ಳದೇ ಹೋಗಬಹುದು, ಅಂಥ ಪ್ರಯೋಗ ಮಾಡಲಾಗದು.

ನನ್ನ ಹತಾಶೆಯನ್ನು ಇದಕ್ಕಿಂತ ಸರಿಯಾಗಿ ಹೇಳಲು ನನಗೆ ಬರುವುದಿಲ್ಲ. ತಿಳಿಯಬೇಕಾದರೆ ಮತ್ತೆ ತಿನ್ನಬೇಕು, ಮತ್ತೆ ತಿನ್ನುವಂತಿಲ್ಲ. ನನ್ನದೇ ಮೈಯೊಳಗೆ ನಡೆದದ್ದು, ನನಗೇ ಎಂದೂ ಗೊತ್ತಾಗುವುದಿಲ್ಲ.

ವಾರ್ಡಿನಲ್ಲಿ ಮಲಗಿದ್ದಾಗ ಬಂದವರೆಲ್ಲ ತಮ್ಮ ತಮ್ಮ ತೀರ್ಪು ಕೊಟ್ಟರು. ಸುಧಾಕರ ಭಾವ ಕಣ್ಣೀರು ಹಾಕಿಕೊಂಡು, ತಮ್ಮಿಂದಲೇ ಹೀಗಾಯಿತು ಎಂದರು. ಅವರನ್ನು ಸಮಾಧಾನ ಮಾಡುವ ಕೆಲಸವೂ ನನಗೇ ಬಂತು. ಮರುದಿನ ಥಾಣೆಯ ಚಿಕ್ಕಮ್ಮ, ಅರಿಶಿನದಿಂದ ಎಲ್ಲಿಯಾದರೂ ಲಿವರ್ ಹೋಗುತ್ತದೆಯೇ, ಇದೆಲ್ಲ ಡಾಕ್ಟರರು ತಮ್ಮ ತಪ್ಪು ಮುಚ್ಚಿಕೊಳ್ಳಲು ಹೇಳುವುದು ಎಂದರು. ಪಕ್ಕದ ಹಾಸಿಗೆಯವರನ್ನು ನೋಡಲು ಬಂದಿದ್ದ ಒಬ್ಬ ವಿದ್ಯಾವಂತರು, ನಮ್ಮ ಜನ ಯಾವ ಸೊಪ್ಪುಸದೆ ಕೊಟ್ಟರೂ ತಿನ್ನುತ್ತಾರೆ ಎಂದು ನಕ್ಕರು. ನನಗೆ ಚಿಕ್ಕಮ್ಮನ ಮೇಲೆ ಎಷ್ಟು ಸಿಟ್ಟು ಬಂತೋ ಅವರ ಮೇಲೂ ಅಷ್ಟೇ ಬಂತು. ಒಬ್ಬರಿಗೆ ಗಿಡದಿಂದ ಬಂದದ್ದೆಲ್ಲ ಅಮೃತ, ಇನ್ನೊಬ್ಬರಿಗೆ ಅದೆಲ್ಲ ಮೂಢತನ. ನನಗೆ ಬೇಕಾಗಿದ್ದದ್ದು ಸರಳವಾದ ಒಂದು ಮಾಹಿತಿ: ಎಷ್ಟು, ಯಾರಿಗೆ, ಯಾವುದರ ಜೊತೆ ಬೇಡ. ಅದನ್ನು ಹೇಳುವವರು ಎರಡು ಕಡೆಯಲ್ಲೂ ಇರಲಿಲ್ಲ.

ಮನೆಗೆ ಬಂದೆ. ಲಿವರ್ ನಿಧಾನವಾಗಿ ಸರಿಹೋಯಿತು. ಎರಡೂ ನಿಂತದ್ದರಿಂದ ಕರುಳು ಮತ್ತೆ ಕೆರಳಿತು. ರಜೆಯಲ್ಲಿದ್ದಾಗ ಹೆಡ್‌ಮಾಸ್ತರರು ನನ್ನ ತರಗತಿಯನ್ನು ಬೇರೆಯವರಿಗೆ ಕೊಟ್ಟರು. ನಿಮಗೆ ಆರಾಮ ಇರಲಿ ಅಂತ ಎಂದರು. ವಾಪಸು ಹೋದಾಗ ನನಗೆ ತರಗತಿಯೇ ಇರಲಿಲ್ಲ, ಅವರಿವರು ರಜೆ ಹಾಕಿದಾಗ ಹೋಗಿ ಕೂರುವ ಕೆಲಸ. ಅದೂ ಮೂರನೇ ಮಾಳಿಗೆಯಲ್ಲಿ, ಶೌಚಾಲಯದಿಂದ ಇನ್ನೂ ದೂರ. ಮೆಹರುನ್ನಿಸಾ ಟೀಚರ್ ಹೋಗಿ ಜಗಳ ಮಾಡಿದರಂತೆ. ಏನು ಮಾತಾಡಿದರೋ ನನಗೆ ಹೇಳಲಿಲ್ಲ. ಮುಂದಿನ ಸೋಮವಾರದಿಂದ ಕೆಳಮಾಳಿಗೆಯ ತಮ್ಮ ಒಂದನೇ ತರಗತಿಯನ್ನು ನನಗೆ ಬಿಟ್ಟುಕೊಟ್ಟು, ಮಂಡಿನೋವಿದ್ದರೂ ಅವರು ಮೆಟ್ಟಿಲು ಹತ್ತಿದರು.

"ಸಣ್ಣ ಹುಡುಗರು ಗದ್ಲ ಭಾಳ ಮಾಡ್ತಾವ್ರಿ, ನನಗೂ ಸಾಕಾಗಿತ್ತು," ಎಂದರು, ನಾನು ಏನಾದರೂ ಹೇಳುವ ಮೊದಲೇ.

ಡಾಕ್ಟರು ಹೊಸ ಔಷಧಿ ಸೂಚಿಸಿದರು. ಡ್ರಿಪ್ ಮೂಲಕ ರಕ್ತಕ್ಕೆ ಹೋಗುವಂಥದ್ದು. ಎರಡು ತಿಂಗಳಿಗೊಮ್ಮೆ ಆಸ್ಪತ್ರೆಗೆ ಹೋಗಿ ಅರ್ಧ ದಿನ ಮಲಗಬೇಕು. ನಾನು ಒಪ್ಪಿಕೊಂಡೆ. ಅತ್ತೆ ಒಪ್ಪಲಿಲ್ಲ. ಆಸ್ಪತ್ರೆಯಿಂದ ಬಂದ ದಿನದಿಂದ ಅವರು ನನಗೆ ಏನೂ ಕುಡಿಯಲು ಕೊಟ್ಟಿರಲಿಲ್ಲ. ಸಾರಿಗೂ ಅರಿಶಿನ ಹಾಕುತ್ತಿರಲಿಲ್ಲ, ಬೆಳ್ಳನೆಯ ಸಾರು ಬಡಿಸಿ ಮುಖ ತಿರುಗಿಸುತ್ತಿದ್ದರು. ನನ್ನ ಮೇಲೆ ಸಿಟ್ಟೋ ತಮ್ಮ ಮೇಲೆ ಸಿಟ್ಟೋ ತಿಳಿಯುತ್ತಿರಲಿಲ್ಲ. ಡ್ರಿಪ್‌ಗೆ ಮೊದಲು ಡಾಕ್ಟರನ್ನು ನೋಡಲು ಹೊರಟಾಗ, ತಾನೂ ಬರುತ್ತೇನೆ ಎಂದು ಸೀರೆ ಉಟ್ಟು ಬಾಗಿಲಲ್ಲಿ ನಿಂತಿದ್ದರು.

ಆಸ್ಪತ್ರೆಯಲ್ಲಿ ನಮ್ಮ ಸರದಿ ಬಂದಾಗ, ನಾನು ಕೂರುವ ಮೊದಲೇ ಡಾಕ್ಟರ ಎದುರಿನ ಕುರ್ಚಿಯಲ್ಲಿ ಅತ್ತೆ ಕೂತರು. ಅವರ ಹಿಂದಿ ಮುಂಬೈಯದು, ಅರ್ಧ ಮರಾಠಿ, ನಡುವೆ ತುಳು.

"ಹುಟ್ಟಿದ ಮಗುವಿಗೆ ಹಚ್ಚುವುದು ಅರಿಶಿನ. ಮದುಮಗಳಿಗೆ ಹಚ್ಚುವುದು ಅರಿಶಿನ. ಗಾಯಕ್ಕೆ, ಕೆಮ್ಮಿಗೆ, ಎಲ್ಲದಕ್ಕೆ ನಾವು ಕೊಟ್ಟದ್ದು ಅದೇ. ಅದು ಇವಳಿಗೆ ಎಂತ ಮಾಡಿತು? ನನಗೆ ಸರಿಯಾಗಿ ಹೇಳಿ."

ಹೊರಗೆ ಸರದಿ ಉದ್ದವಿತ್ತು. ಡಾಕ್ಟರು ಪೆನ್ನು ಕೆಳಗಿಟ್ಟರು. ಆ ಕೋಣೆಯಲ್ಲಿ ಅವರು ಪೆನ್ನು ಕೆಳಗಿಟ್ಟದ್ದನ್ನು ನಾನು ನೋಡಿದ್ದು ಅದೇ ಮೊದಲು. ನೀವು ಅಡುಗೆಗೆ ಹಾಕುವ ಅರಿಶಿನ ಏನೂ ಮಾಡಿಲ್ಲ, ಈಗಲೂ ಸಾರಿಗೆ ಹಾಕಿ ಎಂದರು. ಆ ಕ್ಯಾಪ್ಸೂಲು ಅಡುಗೆಯ ಅರಿಶಿನವಲ್ಲ. ಅದರೊಳಗಿನ ಒಂದೇ ಅಂಶವನ್ನು ತೆಗೆದು ತುಂಬಿದ್ದು, ಮೆಣಸಿನ ಸತ್ವ ಸೇರಿಸಿ ಮೈ ಅದನ್ನು ಹೊರಹಾಕದಂತೆ ಮಾಡಿದ್ದು. ಗುಣ ಮಾಡುವಷ್ಟು ಶಕ್ತಿ ಬಂದ ವಸ್ತುವಿಗೆ ಕೆಡಿಸುವ ಶಕ್ತಿಯೂ ಬರುತ್ತದೆ. ತುಂಬಾ ಜನರಿಗೆ ಏನೂ ಆಗುವುದಿಲ್ಲ, ಕೆಲವರಿಗೆ ಆಗುತ್ತದೆ.

"ಇವಳಿಗೇ ಯಾಕೆ ಆಯಿತು?"

"ಗೊತ್ತಿಲ್ಲ, ಆಯಿ."

"ಇವಳ ಹೊಟ್ಟೆಗೆ ಅದರಿಂದ ಒಳ್ಳೆಯದಾಗಿತ್ತಾ ಇಲ್ಲವಾ?"

"ಅದೂ ಗೊತ್ತಿಲ್ಲ. ಆಗಿರಲಿಕ್ಕೂ ಸಾಕು. ಆಗಿಲ್ಲ ಅಂತ ಹೇಳಿದರೆ ನಾನು ಸುಳ್ಳು ಹೇಳಿದ ಹಾಗೆ."

ಅತ್ತೆ ಅವರನ್ನೇ ದಿಟ್ಟಿಸಿ ನೋಡುತ್ತಾ ಕೂತರು. ಆಮೇಲೆ ಎದ್ದು ಕುರ್ಚಿಯನ್ನು ನನಗೆ ಬಿಟ್ಟರು. ಹೊರಗೆ ಬಂದ ಮೇಲೆ, ಇಷ್ಟು ಓದಿದವ ಗೊತ್ತಿಲ್ಲ ಅಂತ ಒಪ್ಪಿಕೊಂಡ, ಇನ್ನು ಡ್ರಿಪ್ ಹಾಕಿಸಿಕೋ ಎಂದರು. ಆ ಉತ್ತರ ನನ್ನನ್ನು ತಿಂಗಳುಗಟ್ಟಲೆ ರೋಸಿಹೋಗುವಂತೆ ಮಾಡಿತ್ತು. ಅದೇ ಉತ್ತರ ಅವರಿಗೆ ನಂಬಿಕೆ ಹುಟ್ಟಿಸಿತು. ನನಗೆ ಈಗಲೂ ಅದು ಪೂರ್ತಿ ಅರ್ಥವಾಗಿಲ್ಲ.

ಡ್ರಿಪ್ ಶುರುವಾಗಿ ವರ್ಷ ದಾಟಿತು. ಕಾಯಿಲೆ ಹೋಗಿಲ್ಲ. ಹೆಚ್ಚಿನ ದಿನ ಸುಮ್ಮನಿರುತ್ತದೆ, ಕೆಲವು ದಿನ ಇರುವುದಿಲ್ಲ. ಇದಾದರೂ ಎಷ್ಟು ಕಾಲ ಕೆಲಸ ಮಾಡುತ್ತದೆ ಎಂದು ಯಾರೂ ಹೇಳುವುದಿಲ್ಲ. ಗಿಡಮೂಲಿಕೆಗಳ ಬಗ್ಗೆ ನನ್ನ ಅಭಿಪ್ರಾಯ ಏನು ಎಂದು ಕೇಳುವವರಿಗೆ ಹೇಳಲು ನನ್ನ ಹತ್ತಿರ ಅಭಿಪ್ರಾಯವಿಲ್ಲ, ಸಿಟ್ಟಿದೆ. ಅದರಲ್ಲಿ ಏನೋ ಇದೆ ಎಂದು ಇಷ್ಟು ಜನಕ್ಕೆ ಇಷ್ಟು ಕಾಲದಿಂದ ಗೊತ್ತಿದ್ದರೆ, ಅದನ್ನು ಸರಿಯಾಗಿ ಅಳೆದು ನೋಡಿ ನನ್ನಂಥವಳಿಗೆ ಹೌದು ಅಥವಾ ಬೇಡ ಎಂದು ಹೇಳುವ ಕೆಲಸ ಯಾರದು? ಬಾಟಲಿ ಮಾರುವವರು ಹೇಳುವುದಿಲ್ಲ. ಕೇಳಿದರೆ ಡಾಕ್ಟರಿಗೆ ಪುರುಸೊತ್ತಿಲ್ಲ. ನಡುವೆ ನಿಂತವರ ಕಣ್ಣು ಹಳದಿಯಾಗುತ್ತದೆ.

ಕಳೆದ ತಿಂಗಳು ಒಂದು ಭಾನುವಾರ ಡೊಂಬಿವಲಿಯ ಸೋದರತ್ತೆಯ ಫೋನು ಬಂತು. ಅತ್ತೆಯೇ ಎತ್ತಿದರು. ಸೋದರತ್ತೆಗೆ ಯಾರೋ ಹೊಸದೊಂದು ಬೇರಿನ ಪುಡಿ ಹೇಳಿದ್ದರು. ಅದನ್ನು ಹೇಗೆ ಕುದಿಸಬೇಕು, ಎಷ್ಟು ಕುಡಿಯಬೇಕು ಎಂದು ವಿವರಿಸುತ್ತಿದ್ದ ಅವರ ದನಿ ನಾನು ಬಟ್ಟೆ ಮಡಚುತ್ತಿದ್ದಲ್ಲಿಗೂ ಕೇಳುತ್ತಿತ್ತು. ನಾನು ಎಂದಿನ ಹಾಗೆ ಮೈ ಬಿಗಿ ಹಿಡಿದು ಕಾದೆ. ಅತ್ತೆ ಪೂರ್ತಿ ಕೇಳಿಸಿಕೊಂಡರು.

"ಎಲ್ಲ ಸರಿ ಮಾರಾಯ್ತಿ," ಎಂದರು. "ಆದರೆ ಅವಳಿಗೆ ಇನ್ನು ಎಂತದೂ ಹೇಳುವುದು ಬೇಡ. ಹೇಗಿದ್ದೀ ಅಂತ ಮಾತ್ರ ಕೇಳು. ಫೋನು ಕೊಡ್ತೇನೆ."

ಫೋನನ್ನು ನನ್ನ ಕೈಗಿಟ್ಟು ಅಡುಗೆಮನೆಗೆ ಹೋದರು. ಆ ಕಡೆಯಿಂದ ಸೋದರತ್ತೆ ಅಳುಕುತ್ತಾ, ಹೇಗಿದ್ದೀ ಶಶಿ ಎಂದರು.

ಇಷ್ಟು ಕಾಲದಲ್ಲಿ ಅವರು ಅದನ್ನು ಕೇಳಿರಲೇ ಇಲ್ಲ ಎಂಬುದು ಇಬ್ಬರಿಗೂ ಒಟ್ಟಿಗೇ ಹೊಳೆದಿರಬೇಕು. ನಾನು ಮಂಚದ ಮೇಲೆ ಕೂತೆ. ಚೆನ್ನಾಗಿದ್ದೇನೆ ಎನ್ನಲು ಬಾಯಿ ತೆರೆದವಳು ಅದನ್ನು ಬಿಟ್ಟು, ನಿನ್ನೆ ಹೊಟ್ಟೆ ತುಂಬಾ ನೋವಿತ್ತು ಅತ್ತೆ, ಇವತ್ತು ಪರವಾಗಿಲ್ಲ ಎಂದೆ.